ಕಣ್ಣು ಮುಚ್ಚಿ ಎತ್ತಿದ ಕೈ

ಪಂತ್‌ಗೋಲೈ ಚಾಪೆಲ್ಲಿನ ಕಿಟಕಿ ಒರೆಸುವುದೆಂದರೆ ಡಿಲಿಸ್‌ಗೆ ಪೂಜೆ ಇದ್ದ ಹಾಗೆ. ಆದರೆ ಹಾಗಂತ ಅವಳ ಎದುರಿಗೆ ಅಂದು ನೋಡಿ, ಕೈಯಲ್ಲಿರುವ ಒದ್ದೆ ಬಟ್ಟೆ ನಿಮ್ಮ ಮುಖಕ್ಕೇ ಬಂದು ಬೀಳುತ್ತದೆ. ಪೂಜೆ, ಮೇಣದಬತ್ತಿ, ಶಿಲುಬೆ, ಬಣ್ಣದ ಗಾಜು ಎಲ್ಲ ಬೇರೆಯವರಿಗೆ. ಯೂನಿಟೇರಿಯನ್ನರಿಗೆ ಕಿಟಕಿ ಅಂದರೆ ಕಿಟಕಿ. ಅದರಿಂದ ಬೆಳಕು ಬರಬೇಕು, ಆಚೆಯ ಗುಡ್ಡ ಕಾಣಬೇಕು, ಗುಡ್ಡದ ಮೇಲೆ ಯಾರ ಕುರಿ ಯಾರ ಹೊಲಕ್ಕೆ ನುಗ್ಗಿದೆ ಅನ್ನುವುದೂ ಕಾಣಬೇಕು. ದೇವರು ಒಬ್ಬನೇ, ಮೂವರಲ್ಲ; ಏಸು ದೊಡ್ಡ ಮನುಷ್ಯ, ಆದರೆ ಮನುಷ್ಯನೇ; ಮಿಕ್ಕಿದ್ದನ್ನು ನಿನ್ನ ಬುದ್ಧಿ, ನಿನ್ನ ಮನಸ್ಸಾಕ್ಷಿ ಹೇಳಿದ ಹಾಗೆ ನೋಡಿಕೋ. ಇಷ್ಟು ಹೇಳಿದ್ದಕ್ಕೇ ಸುತ್ತಲಿನವರು ವೇಲ್ಸಿನ ಈ ಕಣಿವೆಗೆ ಕರೀ ಚುಕ್ಕೆ ಅಂತ ಹೆಸರಿಟ್ಟಿದ್ದರು. ಇಟ್ಟರೆ ಇಟ್ಟುಕೊಳ್ಳಲಿ. ಆ ಕರೀ ಚುಕ್ಕೆಯ ನಡುವೆ ಸುಣ್ಣ ಬಳಿದ ಚಾಪೆಲ್ ಬೆಳ್ಳಗೆ ಎದ್ದು ಕಾಣುತ್ತಿತ್ತು.

ಆ ಭಾನುವಾರ ಆರಾಧನೆ ಮುಗಿದ ಮೇಲೆ ಓಟು ಇತ್ತು. ಚಾಪೆಲ್ ಇಟ್ಟುಕೊಳ್ಳುವುದೋ, ಮುಚ್ಚಿ ಮಾರಿಬಿಡುವುದೋ. ಓಟು ಹಾಕುವ ಸದಸ್ಯರು ಉಳಿದಿದ್ದವರು ಮೂವರೇ: ಡಿಲಿಸ್, ಎಬೆನ್, ಟೆಗ್ವೆನ್. ಮಿಕ್ಕವರೆಲ್ಲ ಹಿತ್ತಲಿನ ಹುಲ್ಲಿನಲ್ಲಿ, ಕಲ್ಲುಗಳ ಕೆಳಗೆ.

ಡಿಲಿಸ್ ಆಗಲೇ ಗಟ್ಟಿಮನಸ್ಸು ಮಾಡಿಯಾಗಿತ್ತು. ಮುಚ್ಚುವುದಕ್ಕೇ ಕೈ ಎತ್ತುತ್ತಾಳೆ.

ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಮಾಡಿದ ತೀರ್ಮಾನ ಅದು. ಚಾಪೆಲ್ಲಿನ ಗೋಡೆಗೆ ಗೋಡೆ ಕೊಟ್ಟ ಪುಟ್ಟ ಮನೆಯಲ್ಲಿ ಅವಳು ಹುಟ್ಟಿದ್ದು. ತಾಯಿ ಗುಡಿಸಿ ಸಾರಿಸುತ್ತಿದ್ದ ಕೆಲಸವನ್ನೇ ತಾನು ಹಿಡಿದು, ಮದುವೆಯ ಗೋಜಿಗೆ ಹೋಗದೆ, ಕೂದಲು ನರೆಸಿಕೊಂಡಳು. ಚಾಪೆಲ್ ಮಾರಿದರೆ ಆ ಮನೆಯೂ ಅದರ ಜೊತೆಗೇ ಹೋಯಿತು. ಆದರೂ ಮುಚ್ಚಬೇಕು. ಯಾಕೆಂದರೆ ಮಿಕ್ಕ ಇಬ್ಬರು ಬರುತ್ತಿರುವುದು ತನ್ನೊಬ್ಬಳಿಗೋಸ್ಕರ ಅಂತ ಅವಳಿಗೆ ಖಾತ್ರಿಯಾಗಿತ್ತು. ಹೋದ ಚಳಿಗಾಲದಲ್ಲಿ ಎಬೆನ್ ಚಾಪೆಲ್ಲಿನ ಮೆಟ್ಟಿಲ ಮೇಲೆ ಮಂಜುಗಡ್ಡೆ ತುಳಿದು ಬಿದ್ದು ಸೊಂಟ ಮುರಿದುಕೊಂಡಿದ್ದ. ಟೆಗ್ವೆನ್‌ಳ ಬೆರಳುಗಳು ಸಂಧಿವಾತಕ್ಕೆ ಸೊಟ್ಟಗಾಗಿ, ಕಾಲಲ್ಲಿ ತುಳಿದು ನುಡಿಸುವ ಚಾಪೆಲ್ಲಿನ ಹಾರ್ಮೋನಿಯಂ ನುಡಿಸುವಾಗ ತುಟಿ ಕಚ್ಚಿಕೊಳ್ಳುತ್ತಿದ್ದಳು. ಮಾಡಿನ ಕಪ್ಪು ಕಲ್ಲಿನ ಹೆಂಚು ಒಂದೊಂದಾಗಿ ಜಾರಿ, ಮಳೆ ಬಂದರೆ ಗ್ಯಾಲರಿಯ ತುಂಬ ಬಕೆಟ್ಟು. ಇಂಥದರಲ್ಲಿ ಒಂದು ದಿನ ಟೆಗ್ವೆನ್ ಎಬೆನ್‌ಗೆ ಹೇಳಿದ್ದು ಡಿಲಿಸ್‌ಳ ಕಿವಿಗೇ ಬಿದ್ದಿತ್ತು: "ಡಿಲಿಸ್ ಇರೋ ತನಕ ಮುಚ್ಚೋ ಮಾತು ಎತ್ತಬೇಡ. ಪಾಪ, ಅವಳಿಗೆ ಇದು ಬಿಟ್ರೆ ಇನ್ನೇನಿದೆ?"

ಪಾಪ ಅಂದರಲ್ಲ! ತನ್ನ ಮೇಲಿನ ಕನಿಕರಕ್ಕೆ ಇವರಿಬ್ಬರೂ ಇಲ್ಲೇ ಬಿದ್ದು ಸಾಯಬೇಕಾ? ಇವರು ಬಾಯಿ ಬಿಟ್ಟು ಹೇಳುವವರಲ್ಲ. ತಾನೇ ಇವರನ್ನು ಬಿಡಿಸಬೇಕು.

ಮೊದಲು ಬಂದವನು ಎಬೆನ್. ಊರುಗೋಲು ಕುಟ್ಟುತ್ತಾ ಒಳಗೆ ಬಂದು, ಕಿಟಕಿ ನೋಡಿ, ಅವಳನ್ನು ನೋಡಿ, "ಏನು, ಗಾಜು ತೆಗೆದುಬಿಟ್ಯಾ?" ಅಂದ.

"ಕಣ್ಣು ತೋರಿಸ್ಕೊ ಹೋಗು. ಗಾಜು ಅಲ್ಲೇ ಇದೆ."

"ಇಷ್ಟು ಉಜ್ಜಿದ್ರೆ ಸವೆದು ಹೋಗುತ್ತೆ ಕಣೆ. ಅಜ್ಜಂದಿರು ಹಾಕಿದ ಗಾಜು."

"ಬೂಟು ಒರೆಸ್ಕೊಂಡು ಬಂದ್ಯಾ? ಇಲ್ಲ, ಸಗಣಿ ಸಮೇತ ಬಂದ್ಯಾ?"

ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚು. ಅವನ ಹೆಂಡತಿ ನಾನ್ಸ್ ಇದ್ದಾಗಲೂ ಹೀಗೇ, ಈಗಲೂ ಹೀಗೇ. ಹಿಂದೆಯೇ ಟೆಗ್ವೆನ್ ಬಂದಳು. ಕಣಿವೆಯ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ ಟೀಚರು, ಈಗಲೂ ಕೋಟಿನ ಗುಂಡಿ ಒಂದೂ ಬಿಡದೆ ಹಾಕಿಕೊಂಡು ಬರುವವಳು.

"ಟೀಚರಮ್ಮ ಬಂದ್ರು, ಎಲ್ಲಾ ಕೈಕಟ್ಟಿ ಕೂತ್ಕೊಳ್ರಪ್ಪಾ," ಅಂದ ಎಬೆನ್.

"ನೀನು ಮೊದಲು ಬಾಯಿ ಕಟ್ಟು," ಅಂದಳು ಟೆಗ್ವೆನ್.

ಮೂವರೂ ನಕ್ಕರು. ಆದರೆ ಯಾರೂ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ.

ನೋಡದೆ ಇರುವುದು ಆ ಚಾಪೆಲ್ಲಿನಲ್ಲಿ ಸುಲಭವಲ್ಲ. ಕಟ್ಟಿದವರು ಕಟ್ಟಿದ್ದೇ ಹಾಗೆ. ಬೇರೆ ಕಡೆ ಬೋಧಕ ನಿಂತು ಮಾತಾಡುವ ಪ್ರಸಂಗಪೀಠ ಉದ್ದದ ಕೊನೆಯಲ್ಲಿ ಇರುತ್ತದೆ, ಜನ ಸಾಲಾಗಿ ಒಬ್ಬರ ಬೆನ್ನು ಒಬ್ಬರು ನೋಡುತ್ತಾ ಕೂರುತ್ತಾರೆ. ಪಂತ್‌ಗೋಲೈಯಲ್ಲಿ ಪ್ರಸಂಗಪೀಠ ಇದ್ದದ್ದು ಉದ್ದನೆಯ ಗೋಡೆಯ ನಟ್ಟನಡುವೆ, ಎರಡು ಎತ್ತರದ ಕಿಟಕಿಗಳ ಮಧ್ಯ. ಅದರ ಸುತ್ತ ಮೂರು ಕಡೆಯಿಂದ ಬೆಂಚುಗಳು, ಮೇಲೆ ಮೂರು ಕಡೆ ಗ್ಯಾಲರಿ. ಮನೆತನಕ್ಕೊಂದು ಬೆಂಚು, ಬೆಂಚಿಗೊಂದು ಪುಟ್ಟ ಬಾಗಿಲು. ಯಾರೂ ಯಾರ ಹಿಂದೆಯೂ ಅಲ್ಲ. ಹೊಳೆಯಿಂದ ಕಲ್ಲು ಹೊತ್ತು ತಂದ ಗಂಡಸರು, ಏಪ್ರನ್ನಿನಲ್ಲಿ ಮರಳು ಕಟ್ಟಿಕೊಂಡು ಬಂದ ಹೆಂಗಸರು ಹಾಗೆ ಬಯಸಿದರು: ಆಡುವ ಮಾತು ಮುಖ ನೋಡಿ ಆಡೋಣ.

ಅಂಥ ಚಾಪೆಲ್ಲಿನಲ್ಲಿ ಓಟು ಮಾತ್ರ ಕಣ್ಣು ಮುಚ್ಚಿಕೊಂಡು. ಅದಕ್ಕೂ ಒಂದು ಕಥೆ ಇತ್ತು, ಕಣಿವೆಯ ಹಸುಗೂಸಿಗೂ ಬರುವ ಕಥೆ. ಹಿಂದೆ ಎಲ್ಲರೂ ಒಬ್ಬನೇ ಜಮೀನ್ದಾರನ ಒಕ್ಕಲುಗಳಾಗಿದ್ದ ಕಾಲ. ತನ್ನ ವಿರುದ್ಧ ಮಾತಾಡಿದ ಬೋಧಕನನ್ನು ಓಡಿಸಿ ಅಂತ ಜಮೀನ್ದಾರ ಅಪ್ಪಣೆ ಮಾಡಿದ. ಓಡಿಸುವುದೋ ಇಟ್ಟುಕೊಳ್ಳುವುದೋ ಅಂತ ಇವರು ಓಟಿಗೆ ಕೂತರು. ನಾಳೆ ಜಮೀನ್ದಾರನ ಏಜೆಂಟ ಒಬ್ಬೊಬ್ಬರನ್ನೇ ಕರೆಸಿ, ನಿನ್ನ ಪಕ್ಕದವನು ಯಾವುದಕ್ಕೆ ಕೈ ಎತ್ತಿದ ಅಂತ ಕೇಳುತ್ತಾನೆ, ಸುಳ್ಳು ಹೇಳಲು ನಮಗೆ ಬರುವುದಿಲ್ಲ, ಅದಕ್ಕೆ ಎಲ್ಲರೂ ಕಣ್ಣು ಮುಚ್ಚಿ ಅಂದ ಒಬ್ಬ ಹಿರಿಯ. ಮುಚ್ಚಿದರು. ಬೋಧಕನೊಬ್ಬನೇ ಕಣ್ಣು ಬಿಟ್ಟು ಎಣಿಸಬೇಕು, ಕಂಡದ್ದನ್ನು ಯಾರಿಗೂ ಹೇಳಕೂಡದು. ಬೋಧಕ ಉಳಿದ. ಏಜೆಂಟ ಹಲ್ಲು ಕಡಿದ. "ಇನ್ನೊಂದು ಸಲ ಎತ್ತಿ, ನನ್ನ ಮುಂದೆ, ಕಣ್ಣು ಬಿಟ್ಟುಕೊಂಡು," ಅಂದ. "ಎತ್ತಿದ ಕೈ ಎತ್ತಿ ಆಯ್ತು," ಅಂದರು ಇವರು. ಅಷ್ಟಕ್ಕೇ ಚಾಪೆಲ್ಲಿಗೆ ಬೀಗ ಬಿತ್ತು. ಒಕ್ಕಲುಗಳು ಮನೆ ಕಳೆದುಕೊಂಡರು. ಡಿಲಿಸ್‌ಳ ಮುತ್ತಜ್ಜಿ ಲೌರಿಯನ್ನು ಚಳಿಗಾಲದ ನಡುವೆ ಹೊರಗೆ ಹಾಕಿದಾಗ, ಕೊಟ್ಟಿಗೆಯೊಂದರಲ್ಲಿ ಅವಳ ಮಗು ಸತ್ತಿತು. ಆದರೂ ಭಾನುವಾರ ಬಂದರೆ ಎಲ್ಲರೂ ಬೀಗ ಬಿದ್ದ ಬಾಗಿಲ ಮುಂದೆ ಮಳೆಯಲ್ಲಿ ನಿಂತು ಹಾಡುತ್ತಿದ್ದರು. ಜಮೀನ್ದಾರ ಸತ್ತು, ಅವನ ವಾರಸುದಾರ ಬೀಗದ ಕೈ ವಾಪಸು ಕೊಡುವ ತನಕ ಹಾಡಿದರು.

ಅದಾದ ಮೇಲೆ ಪಂತ್‌ಗೋಲೈಯಲ್ಲಿ ಎರಡು ಕಟ್ಟಳೆ ನಿಂತವು. ಓಟು ಕಣ್ಣು ಮುಚ್ಚಿಕೊಂಡೇ. ಮತ್ತು ಒಂದು ಮಾತಿಗೆ ಒಂದೇ ಓಟು, ಎರಡನೇದು ಇಲ್ಲ. ಜಮೀನ್ದಾರರು ಹೋದರು, ಏಜೆಂಟರು ಹೋದರು, ಎಲ್ಲರೂ ಅವರವರ ನೆಲಕ್ಕೆ ಅವರವರೇ ಯಜಮಾನರಾದರು. ಕಟ್ಟಳೆ ಮಾತ್ರ ಹಾಗೇ ಉಳಿಯಿತು. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಆ ಕಥೆ ಹೇಳುತ್ತಿದ್ದವಳೂ ಡಿಲಿಸ್ಸೇ. ಶಾಲೆಗೆ ಮಕ್ಕಳು ಬರುವುದು ನಿಂತ ಮೇಲೂ, ಕಿಟಕಿ ಒರೆಸುವಾಗ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಆರಾಧನೆ ಮುಗಿಯಿತು. ಬೋಧಕ ಎಲ್ವಿನ್ ಪೀಠದಿಂದ ಇಳಿಯದೆ ಅಲ್ಲೇ ನಿಂತ. ಕಣಿವೆಯ ಹಲವು ಚಾಪೆಲ್ಲುಗಳಿಗೆ ಓಡಾಡಿ ಬಡವಾಗಿದ್ದ ನಡುವಯಸ್ಸಿನ ಮನುಷ್ಯ. "ಯಾರಾದರೂ ಮಾತಾಡೋದಿದ್ರೆ ಮಾತಾಡಿ," ಅಂದ.

ಮಾತಾಡಬೇಕಿತ್ತು. ಅದಕ್ಕೇ ಅಲ್ಲವೇ ಆ ಚಾಪೆಲ್ಲನ್ನು ಹಾಗೆ ಕಟ್ಟಿದ್ದು? ಆದರೆ ತಾನು ಬಾಯಿ ಬಿಟ್ಟರೆ ಅಳು ಬರುತ್ತದೆ, ಅತ್ತರೆ ಇವರು ಮರುಗುತ್ತಾರೆ, ಮರುಗಿದರೆ ಓಟು ಹಾಳಾಗುತ್ತದೆ ಅಂತ ಡಿಲಿಸ್ ತುಟಿ ಬಿಗಿದು ಕೂತಳು. ಎಬೆನ್ ಊರುಗೋಲಿನ ಹಿಡಿ ನೋಡುತ್ತಿದ್ದ. ಟೆಗ್ವೆನ್ ಕೈಗವಸು ಹಾಕಿಕೊಂಡಳು, ಮತ್ತೆ ಬಿಚ್ಚಿದಳು.

"ಹಾಗಾದ್ರೆ ಕಣ್ಣು ಮುಚ್ಚಿ," ಅಂದ ಎಲ್ವಿನ್. ಸ್ವಲ್ಪ ತಡೆದು, "ಚಾಪೆಲ್ ಮುಚ್ಚಬೇಕು ಅನ್ನೋರು ಕೈ ಎತ್ತಿ."

ಡಿಲಿಸ್ ಕಣ್ಣು ಮುಚ್ಚಿದಳು. ಕೈ ಎತ್ತಿದಳು. ಅಷ್ಟು ಭಾರದ ಬಕೆಟ್ಟನ್ನು ಅವಳು ಆ ಗ್ಯಾಲರಿಯಿಂದ ಯಾವತ್ತೂ ಇಳಿಸಿರಲಿಲ್ಲ. ಎಲ್ವಿನ್ ಇಳಿಸಿ ಅನ್ನುವುದಕ್ಕೆ ಯಾಕೋ ತುಂಬ ಹೊತ್ತು ತೆಗೆದುಕೊಂಡ.

"ಇಳಿಸಿ. ಇಟ್ಟುಕೊಳ್ಳಬೇಕು ಅನ್ನೋರು ಈಗ ಎತ್ತಿ." ಬಟ್ಟೆಯ ಸರಬರ ಸದ್ದು ಕೂಡ ಇಲ್ಲ. ಇಬ್ಬರಲ್ಲಿ ಒಬ್ಬರಾದರೂ ಎತ್ತಬಹುದು ಅಂತ, ತನಗೇ ಗೊತ್ತಿಲ್ಲದೆ ಅವಳು ಕಾದಿದ್ದಳು.

"ಕಣ್ಣು ಬಿಡಿ. ಮೂವರೂ ಮುಚ್ಚೋದಕ್ಕೇ ಎತ್ತಿದೀರಿ," ಅಂದ ಎಲ್ವಿನ್.

ನೋಡಿದೆಯಾ, ಅಂದುಕೊಂಡಳು ಡಿಲಿಸ್. ನನ್ನ ಲೆಕ್ಕ ಸರಿಯಾಗಿತ್ತು. ಇವರಿಗೆ ಬೇಡವಾಗಿತ್ತು. ನನಗೋಸ್ಕರವೇ ಎಳೆದಾಡುತ್ತಿದ್ದರು. ಪಕ್ಕದ ಕೋಣೆಯಲ್ಲಿ ಚಹಾ ಕುಡಿದರು. ಅವಳು ಒಣದ್ರಾಕ್ಷಿಯ ಬ್ರೆಡ್ಡು ಕೊಯ್ದು ಬೆಣ್ಣೆ ಸವರಿ ಕೊಟ್ಟಳು. ಬ್ರೆಡ್ಡು ಚೆನ್ನಾಗಿದೆ ಅಂದ ಎಬೆನ್. ಅವನು ಆವರೆಗೆ ಅವಳ ಅಡುಗೆಯನ್ನು ಹೊಗಳಿದವನೇ ಅಲ್ಲ. ಅದನ್ನು ಕೇಳಿ ಅವಳಿಗೆ ಇನ್ನಷ್ಟು ಸಂಕಟವಾಯಿತು.

ಆಮೇಲೆಲ್ಲ ಬೇಗ ಬೇಗ ನಡೆಯಿತು. ಇಂಗ್ಲೆಂಡಿನ ಕಡೆಯ ಗಂಡ ಹೆಂಡತಿ ಬಂದು ನೋಡಿ ಮೆಚ್ಚಿದರು. ಪ್ರಸಂಗಪೀಠ ಇರುವಲ್ಲಿ ಅಡುಗೆಮನೆ, ಗ್ಯಾಲರಿಯಲ್ಲಿ ಮಲಗುವ ಕೋಣೆ, ಬೆಂಚುಗಳ ಮರದಲ್ಲಿ ಕಪಾಟು. "ಬೆಳಕು ಎಷ್ಟು ಚೆನ್ನಾಗಿದೆ!" ಅಂದಳು ಆ ಹೆಂಗಸು, ಕಿಟಕಿಯ ಗಾಜಿನ ಮೇಲೆ ಬೆರಳಿಟ್ಟು. ಅವಳು ಹೋದ ಮೇಲೆ ಡಿಲಿಸ್ ಆ ಬೆರಳಿನ ಗುರುತು ಒರೆಸಿದಳು. ಒರೆಸುತ್ತಾ ಗೊಳೋ ಅಂತ ಅತ್ತಳು.

ಕೊನೆಯ ಆರಾಧನೆ ಸುಗ್ಗಿಯ ಕೃತಜ್ಞತೆಯ ಭಾನುವಾರಕ್ಕೆ ಬಿತ್ತು. ಬೇರೆ ಚಾಪೆಲ್ಲಿನವರನ್ನೂ ಕರೆಯೋಣವಾ ಅಂತ ಎಲ್ವಿನ್ ಕೇಳಿದ್ದಕ್ಕೆ ಎಬೆನ್ ಸಿಡಿದಿದ್ದ. "ಬದುಕಿದ್ದಾಗ ಬಾರದವರು ಹೆಣ ನೋಡೋಕೆ ಬರಬೇಕಾಗಿಲ್ಲ!" ಹಾಗಾಗಿ ಅವರವರೇ. ಕಿಟಕಿಯ ಕಟ್ಟೆಯ ಮೇಲೆ ಡಿಲಿಸ್ ಆಲೂಗೆಡ್ಡೆ, ಸೇಬು, ಒಂದು ಹಿಡಿ ಓಟ್ಸ್ ತೆನೆ ಇಟ್ಟಿದ್ದಳು. ಮಾರಾಟದ ಸಹಿ ಮರುದಿನ. ಅವಳ ಗಂಟುಮೂಟೆ ಕಟ್ಟಿ ಆಗಿತ್ತು, ಪಟ್ಟಣದ ವೃದ್ಧಾಶ್ರಮದಲ್ಲಿ ಒಂದು ಕೋಣೆ ಸಿಕ್ಕಿತ್ತು.

ಎಲ್ವಿನ್ ಕೊನೆಯ ಕೀರ್ತನೆ ಯಾವುದೆಂದು ಹೇಳಿದ. ಟೆಗ್ವೆನ್ ಹಾರ್ಮೋನಿಯಂ ತುಳಿದು ಸ್ವರ ಹಿಡಿದಳು.

ಕೀರ್ತನೆಗೆ ಎಲ್ಲರೂ ಎದ್ದು ನಿಲ್ಲಬೇಕು. ಕೂತಿರುವ ಹಕ್ಕು ಇರುವುದು ಸಾವಿನ ಮನೆಯವರಿಗೆ ಮಾತ್ರ. ಆ ಕಡೆ ಅದು ಪದ್ಧತಿ: ಮಣ್ಣು ಮಾಡಿದ ಮುಂದಿನ ಭಾನುವಾರ ಮನೆಯವರು ಚಾಪೆಲ್ಲಿಗೆ ಬರುತ್ತಾರೆ, ಊರು ಎದ್ದು ಹಾಡುವಾಗ ಅವರು ತಲೆ ತಗ್ಗಿಸಿ ಕೂತೇ ಇರುತ್ತಾರೆ. ಡಿಲಿಸ್ ತಾಯಿಗೆ ಹಾಗೆ ಕೂತಿದ್ದಳು. ಎಬೆನ್ ಅವನ ನಾನ್ಸ್‌ಗೆ ಕೂತಿದ್ದ.

ಡಿಲಿಸ್ ಏಳಬೇಕೆಂದು ಮುಂದಿನ ಹಲಗೆ ಹಿಡಿದಳು. ಕಾಲು ಬರಲಿಲ್ಲ. ಇನ್ನೊಮ್ಮೆ ನೋಡಿದಳು. ಇಲ್ಲ, ಆಗುವುದಿಲ್ಲ. ಮಾನ ಹೋಯಿತು, ಇವರಿಗೆ ಈಗ ಗೊತ್ತಾಗುತ್ತದೆ ಅಂದುಕೊಂಡು ತಲೆ ತಗ್ಗಿಸಿ ಕೂತುಬಿಟ್ಟಳು. ಎಬೆನ್‌ನ ದಪ್ಪ ದನಿ ಈಗ ಬರುತ್ತದೆ, ಈಗ ಬರುತ್ತದೆ ಅಂತ ಕಾದಳು. ಬರಲಿಲ್ಲ. ಎಲ್ವಿನ್ ಒಬ್ಬನೇ ಒಂದು ಸಾಲು ಹಾಡಿದ. ಹಾರ್ಮೋನಿಯಂ ನಡುವೆಯೇ ಉಸಿರು ಬಿಟ್ಟು ನಿಂತಿತು.

ಅವಳು ತಲೆ ಎತ್ತಿದಳು. ಮುರಿದ ಸೊಂಟ ಇಟ್ಟುಕೊಂಡೂ ಒಂದೇ ಒಂದು ಕೀರ್ತನೆಗೆ ಕೂರದ ಎಬೆನ್, ಊರುಗೋಲಿನ ಮೇಲೆ ಹಣೆಯಿಟ್ಟು ಕೂತಿದ್ದ. ಟೆಗ್ವೆನ್ ಹಾರ್ಮೋನಿಯಂ ಮುಚ್ಚಿ, ಎದ್ದು ಬಂದು, ತನ್ನ ಅಪ್ಪ ಅಮ್ಮನ ಬೆಂಚಿನ ಪುಟ್ಟ ಬಾಗಿಲು ತೆಗೆದು ಒಳಗೆ ಕೂತಳು. ತಲೆ ತಗ್ಗಿಸಿದಳು.

"ನೀನ್ಯಾಕೆ ಕೂತೆ?" ಅಂದಳು ಡಿಲಿಸ್, ಎಬೆನ್‌ಗೆ.

"ಸೊಂಟ."

"ಸುಳ್ಳು ಹೇಳೋಕೆ ನಿಂಗೆ ಯಾವಾಗಿಂದ ಬಂತು?"

ಅವನು ಮುಖ ಎತ್ತಿದ. ಗಡ್ಡ ಒದ್ದೆಯಾಗಿತ್ತು. "ನೀನು ಮುಚ್ಚೋಕೆ ಎತ್ತಿದೆಯಲ್ಲ, ನಿಂಗೇನು ದುಃಖ? ನೀನ್ಯಾಕೆ ಕೂತಿದೀಯ ಮೊದಲು ಹೇಳು!"

"ನಾನು ಎತ್ತಿದ್ದು ನಿನಗೋಸ್ಕರ ಕಣೋ! ಮೆಟ್ಟಿಲಲ್ಲಿ ಬಿದ್ದು ಸಾಯ್ತೀಯ ಅಂತ. ಇವಳ ಬೆರಳಿಗೋಸ್ಕರ."

"ನನ್ನ ಸೊಂಟದ ಉಸಾಬರಿ ನಿನಗ್ಯಾಕೆ?" ಎಬೆನ್‌ನ ದನಿ ಗ್ಯಾಲರಿಗೆ ಹೊಡೆದು ವಾಪಸು ಬಂತು. "ಈ ವಯಸ್ಸಲ್ಲಿ ಬಕೆಟ್ ಹೊತ್ಕೊಂಡು ಏಣಿ ಹತ್ತಿ ಇಳೀತಿದೀಯಲ್ಲ, ನಾವು ಬರೋದು ಬಿಡೋ ತನಕ ನೀನು ಬಿಡಲ್ಲ, ನಿನ್ನನ್ನ ನಾವೇ ಕೊಲ್ತಿದೀವಿ ಅಂತ ನಾನು ಎತ್ತಿದೆ. ನಂಗೆ ಭಾನುವಾರ ಬಿಟ್ರೆ ಇನ್ಯಾವ ವಾರ ಇದೆ? ಹೇಳು, ಯಾವ ವಾರ ಇದೆ?"

ಇಬ್ಬರೂ ಟೆಗ್ವೆನ್ ಕಡೆ ತಿರುಗಿದರು.

"ನನ್ನ ನೋಡಬೇಡಿ," ಅಂದಳು ಅವಳು. "ಡಿಲಿಸ್‌ಗೋಸ್ಕರ ಇರಲಿ ಅಂದವಳು ನಾನೇ, ಆದ್ರೆ ಬರಬರ್ತಾ ನೀವಿಬ್ಬರೂ ನನ್ನ ಮೇಲಿನ ದಾಕ್ಷಿಣ್ಯಕ್ಕೇ ಬರ್ತಿದೀರಿ ಅನ್ನಿಸ್ತು. ನುಡಿಸೋಳು ಇದಾಳಲ್ಲ ಅಂತ. ಅಯ್ಯೋ, ನಾವೆಂಥ ಪೆದ್ದರು!"

ಡಿಲಿಸ್ ಎಲ್ವಿನ್ ಕಡೆ ನೋಡಿದಳು. ಅವನು ಪೀಠದ ಅಂಚು ಹಿಡಿದು ನಿಂತಿದ್ದ. ಅವನ ಮುಖ ನೋಡುತ್ತಲೇ ಅವಳಿಗೆ ತಿಳಿಯಿತು.

"ನಿಮಗೆ ಗೊತ್ತಿತ್ತು."

"ಕಂಡಿತ್ತು," ಅಂದ ಎಲ್ವಿನ್ ಮೆಲ್ಲಗೆ. "ಮೂವರೂ ಕಣ್ಣು ಮುಚ್ಚಿ ಕೈ ಎತ್ತಿದ್ರಿ. ಮೂವರ ಕೆನ್ನೆ ಮೇಲೂ ನೀರು ಇಳೀತಿತ್ತು."

"ಕಂಡೂ ಬಾಯಿ ಮುಚ್ಕೊಂಡಿದ್ರಾ?"

"ಕಂಡಿದ್ದನ್ನ ಬೋಧಕ ಹೇಳಕೂಡದು. ನಿಮ್ಮದೇ ಕಟ್ಟಳೆ, ಡಿಲಿಸಮ್ಮ. ನಾನು ಕೈ ಎಣಿಸಿದೆ."

ಹೊರಗೆ ಎಲ್ಲೋ ಕುರಿ ಅರಚಿತು. ಎಲ್ವಿನ್ ಪೀಠದಿಂದ ಇಳಿದು ಬಂದು ಅವರ ನಡುವೆ ನಿಂತ. ಅವಸರದಲ್ಲಿ ಮಾತಾಡಿದ: "ಇನ್ನೂ ಸಹಿ ಬಿದ್ದಿಲ್ಲ. ನಾಳೆ ಬೀಳಬೇಕು. ಈಗಲೂ ಒಂದು ಮಾತು ಹೇಳಿ, ನಾನೇ ಹೋಗಿ ಆಗಲ್ಲ ಅಂತ ಹೇಳಿ ಬರ್ತೀನಿ. ಇನ್ನೊಂದು ಸಲ ಓಟು ಹಾಕಿ. ಕಣ್ಣು ಬಿಟ್ಟುಕೊಂಡೇ ಹಾಕಿ, ದಮ್ಮಯ್ಯ."

ಡಿಲಿಸ್‌ಳ ಕೈ ಮಡಿಲಿನಿಂದ ತಾನಾಗಿ ಮೇಲೆ ಬಂದಿತ್ತು. ಎದೆಯ ಮಟ್ಟಕ್ಕೆ ಬಂದಿತ್ತು. ಆಗ ಎಬೆನ್ ಅಂದ, ಯಾರನ್ನೂ ನೋಡದೆ: "ಏಜೆಂಟ ಕೇಳಿದ್ದೂ ಇದನ್ನೇ."

ಕೈ ಅಲ್ಲೇ ನಿಂತಿತು.

"ನಾನು ಬೇಡ ಅಂತಿಲ್ಲ," ಅಂದ ಎಬೆನ್. "ನಿನ್ನ ಮುತ್ತಜ್ಜಿಯ ಮಗು ಕಣೆ ಹಿತ್ತಲಲ್ಲಿ ಮಲಗಿರೋದು. ನೀನು ಎತ್ತಿದ್ರೆ ನಾನೂ ಎತ್ತುತೀನಿ."

"ನಾನೂ," ಅಂದಳು ಟೆಗ್ವೆನ್.

ಎಲ್ಲ ಡಿಲಿಸ್‌ಳ ತಲೆಯ ಮೇಲೆ ಬಂತು. ಕಿಟಕಿಯಾಚೆ ಹಿತ್ತಲಿನ ಮೂಲೆಯಲ್ಲಿ ಆ ಮಗುವಿನ ಪುಟ್ಟ ಕಪ್ಪು ಕಲ್ಲು ಕಾಣುತ್ತಿತ್ತು. ಎಷ್ಟು ಮಕ್ಕಳನ್ನು ಅದರ ಮುಂದೆ ನಿಲ್ಲಿಸಿದ್ದಳೋ! ಲೌರಿ ಯಾಕೆ ಇನ್ನೊಂದು ಸಲ ಕೈ ಎತ್ತಲಿಲ್ಲ, ಹೇಳಿ ನೋಡೋಣ? ಎತ್ತಿದ್ದರೆ ಮನೆ ಉಳಿಯುತ್ತಿತ್ತಲ್ಲ, ಮಗು ಉಳಿಯುತ್ತಿತ್ತಲ್ಲ? ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಿದ್ದರು: ಎತ್ತಿದ ಕೈ ಎತ್ತಿ ಆಯ್ತು! ಶಭಾಷ್ ಅಂತ ಅವರ ತಲೆ ಸವರಿದವಳು ಇವಳೇ. ಈಗ ತನ್ನ ಮನೆ ಉಳಿಸಿಕೊಳ್ಳಲು ತಾನು ಎತ್ತಿದರೆ, ಆ ಮಗು ಸತ್ತದ್ದು ಯಾತಕ್ಕೆ?

ಅವಳಿಗೆ ಲೌರಿಯ ಮೇಲೆ ಕೋಪ ಬಂತು. ಜೀವನದಲ್ಲಿ ಮೊದಲ ಸಲ ಬಂತು. ಹಾಳಾಗಿ ಹೋಗು, ಅಂದಳು ಮನಸ್ಸಿನಲ್ಲೇ, ನಿನ್ನ ಹಟ ಹಾಳಾಗಿ ಹೋಗಲಿ, ನಿನ್ನ ಮಗುವನ್ನೂ ತಿಂದಿತು, ನನ್ನ ಚಾಪೆಲ್ಲನ್ನೂ ತಿಂದಿತು. ಬೈದು ಮುಗಿದರೂ ಕೈ ಮೇಲೆ ಹೋಗಲಿಲ್ಲ. ಅದನ್ನು ಮತ್ತೆ ಮಡಿಲಿಗೆ ಇಳಿಸಿದಳು.

"ಬೇಡ," ಅಂದಳು.

ಎಬೆನ್ ಕಷ್ಟಪಟ್ಟು ಎದ್ದು ತನ್ನ ಬೆಂಚಿನ ಬಾಗಿಲನ್ನು ಹಿಂದೆ ಎಳೆದುಕೊಂಡ. ಅದು ಎಂದಿನ ಹಾಗೆ ಕಿರುಗುಟ್ಟಿತು. ಎಣ್ಣೆ ಬಿಡು ಅಂತ ಅವಳಿಗೆ ಎಷ್ಟು ಸಲ ಹೇಳಿದ್ದನೋ, ಈಗ ಏನೂ ಹೇಳಲಿಲ್ಲ.

ನಾಲ್ವರೂ ಹೊರಗೆ ಬಂದರು. ಮಳೆ ಹನಿಯುತ್ತಿತ್ತು. ಬೀಗ ಹಾಕಿದವಳು ಡಿಲಿಸ್, ಯಾವಾಗಲೂ ಹಾಕುತ್ತಿದ್ದವಳು ಅವಳೇ. ಹಾಕಿ, ಅಭ್ಯಾಸಬಲದಿಂದ ಬೀಗದ ಕೈಯನ್ನು ಏಪ್ರನ್ನಿನ ಜೇಬಿಗೆ ಇಳಿಸಿದಳು. ಮತ್ತೆ ತೆಗೆದು ಎಲ್ವಿನ್ ಕೈಗೆ ಕೊಟ್ಟಳು. ಅವನು ಅದನ್ನು ತೆಗೆದುಕೊಂಡು ಕಾರಿನ ಕಡೆ ಹೋದ.

ಮೂವರೂ ಬೀಗ ಬಿದ್ದ ಬಾಗಿಲ ಮುಂದೆ ಮಳೆಯಲ್ಲಿ ನಿಂತರು. ಹಿಂದಿನವರು ನಿಂತ ಜಾಗ ಅದೇ. ಟೆಗ್ವೆನ್ ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಸ್ವರ ಕೊಟ್ಟಳು.

"ಬೇಡ ಬಿಡೆ," ಅಂದಳು ಡಿಲಿಸ್. "ಅವರಿಗೆ ಬೀಗ ಹಾಕಿದೋರು ಬೇರೆಯವರು."